ದೋನ ರೂತರ ಊರಿನಲ್ಲಿ

ಬ್ರೆಜಿಲ್ ದೇಶವೆಂದರೆ ನಮ್ಮಲ್ಲಿ ಬಹುಮಂದಿಗೆ ಕಾಲ್ಚೆಂಡಾಟ, ಕಾಫಿ, ಅಮೆಜಾನ್ ಅರಣ್ಯ ಇವು ಮೂರೇ ನೆನಪಿಗೆ ಬರುವುವು. ನಾವೂ ಅದಕ್ಕಿಂತ ಹೆಚ್ಚಿಗೆ ತಿಳಿದವರಾಗಿರಲಿಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ, ಉದ್ಯೋಗನಿಮಿತ್ತವಾಗಿ ಅಲ್ಲಿರುವ ಮಗನ ಬಲವಂತದಿಂದ, 2025ರ ಜೂನ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಸಾವೊ ಪೌಲೊ ನಗರಕ್ಕೆ ಹೋಗಿ ಇಳಿದೆವು. ಊರಿನಲ್ಲಿ ಮುಂಗಾರು, ಅಲ್ಲಿ ಚಳಿಗಾಲ. ಮಕರವೃತ್ತವು ಆ ನಗರದ ಉತ್ತರಭಾಗವನ್ನು ಹಾದುಹೋಗುತ್ತದೆ. ನಡುಮಧ್ಯಾಹ್ನದಲ್ಲಿಯೂ ಸೂರ್ಯನು ಉತ್ತರದ ಆಕಾಶದಲ್ಲಿ ಅರ್ಧದಷ್ಟೇ ಏರಿ ನಿಂತಿರುವನು. ಗಡಿಯಾರವು ನಮ್ಮದಕ್ಕಿಂತ ಎಂಟೂವರೆ ಗಂಟೆ ಹಿಂದೆ. ನಮ್ಮ ಮನೆಯವರು ದೇವರ ದೀಪ ಹಚ್ಚುವ ವೇಳೆಗೆ ಊರಿನಲ್ಲಿ ರಾತ್ರಿಯು ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತಿತ್ತು.

ಮಗನ ಮನೆಯ ಪಕ್ಕದಲ್ಲಿ ಎಪ್ಪತ್ತನ್ನು ದಾಟಿದ ಒಬ್ಬ ನಿವೃತ್ತ ಅಧ್ಯಾಪಿಕೆಯವರಿದ್ದರು. ನಾವೂ ಮೇಷ್ಟರೆಂದು ತಿಳಿದ ಕೂಡಲೆ ಆಕೆಗೆ ನಮ್ಮ ಮೇಲೆ ವಿಶ್ವಾಸ ಹುಟ್ಟಿತು. ಮಗನು ದ್ವಿಭಾಷಿಯಾಗಿ ನಡುವೆ ಕುಳಿತನು. ಇಲ್ಲಿ ಏನೇನು ನೋಡಬೇಕೆಂದು ನಾವು ಕೇಳಿದ್ದಕ್ಕೆ ಆಕೆ ಜಲಪಾತವನ್ನಾಗಲಿ ಕಡಲದಂಡೆಯನ್ನಾಗಲಿ ಹೇಳದೆ, "ದೋನ ಹೂಚ್" ನಡೆದಾಡಿದ ಬೀದಿಗಳನ್ನು ನೋಡಿರಿ ಎಂದರು. ಈ ಹೂಚ್ ಯಾರೆಂದು ನಮಗೆ ಹೊಳೆಯಲಿಲ್ಲ. ಶಬ್ದಾರಂಭದ ರೇಫವನ್ನು ಹಕಾರದಂತೆ ಉಚ್ಚರಿಸುವುದು ಆ ದೇಶದ ವಾಡಿಕೆಯೆಂದು ಮಗ ಹೇಳಿದ ಮೇಲೆ, ಅದು ರೂತ್ ಎಂಬ ಹೆಸರೆಂದು ತಿಳಿಯಿತು. ರೂತ್ ಕಾರ್ಡೋಸೊ, ಸಾವೊ ಪೌಲೊ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ಅಧ್ಯಾಪಿಕೆಯಾಗಿದ್ದವರು. ಆಕೆಯ ಪತಿ ಫರ್ನಾಂಡೊ ಹೆನ್ರಿಕೆ ಕಾರ್ಡೋಸೊ ಅವರು 1995ರಿಂದ 2002ರ ಕೊನೆಯವರೆಗೆ, ಎರಡು ಅವಧಿ, ಆ ರಾಷ್ಟ್ರದ ಅಧ್ಯಕ್ಷರಾಗಿದ್ದರು.

ದೋನ ಎಂಬುದು ಅಲ್ಲಿ ಹೆಂಗಸರಿಗೆ ಗೌರವದಿಂದ ಹಚ್ಚುವ ಮಾತು. ದೋನ ರೂತ್ ಎಂದರೆ ನಮ್ಮಲ್ಲಿ ರೂತಮ್ಮನವರು ಎಂದಂತೆ. ನಾವೂ ಇನ್ನು ಮುಂದೆ ಹಾಗೆಯೇ ಕರೆಯುವೆವು. ರಾಷ್ಟ್ರಾಧ್ಯಕ್ಷರ ಪತ್ನಿಗೆ ಅಲ್ಲಿ 'ಪ್ರಿಮೇಯ್ರ ದಾಮ', ಎಂದರೆ ಪ್ರಥಮ ಮಹಿಳೆ, ಎಂಬ ಬಿರುದು ಸಲ್ಲುತ್ತದೆ. ರೂತಮ್ಮನವರಿಗೆ ಈ ಬಿರುದು ಸುತರಾಂ ಹಿಡಿಸುತ್ತಿರಲಿಲ್ಲ. ದೋನ ರೂತ್ ಎಂದರೆ ಮಾತ್ರ ಆಕ್ಷೇಪವಿರಲಿಲ್ಲ. ಸಂಸ್ಕೃತ ಓದಿದವರಿಗೆ ಇದರಲ್ಲಿ ಒಂದು ಸೋಜಿಗವಿದೆ. ದೋನ, ದಾಮ ಎಂಬ ಎರಡು ಶಬ್ದಗಳೂ ಮನೆಯ ಒಡತಿ ಎಂಬರ್ಥದ ಒಂದೇ ಲ್ಯಾಟಿನ್ ಶಬ್ದದಿಂದ ಹುಟ್ಟಿದವು; ಅದರ ಮೂಲವಾದ ಮನೆ ಎಂಬ ಶಬ್ದವು ನಮ್ಮ ವೇದದ 'ದಮ' ಶಬ್ದದ ದಾಯಾದಿ; ದಂಪತಿ ಎಂಬಲ್ಲಿ ನಾವು ಈಗಲೂ ಅದನ್ನು ಉಳಿಸಿಕೊಂಡಿದ್ದೇವೆ. ಒಂದೇ ಬೇರಿನ ಎರಡು ಕೊಂಬೆಗಳಲ್ಲಿ ಆಕೆ ಒಂದನ್ನು ಒಪ್ಪಿ ಒಂದನ್ನು ಬಿಟ್ಟರು. ಏಕೆ ಬಿಟ್ಟರೆಂಬುದನ್ನು ತಿಳಿಯಲು ನಾವು ಮೂರು ವಾರ ಊರು ಸುತ್ತಿದೆವು.

ಮೊದಲು ಹೋದದ್ದು ಲಿಬರ್ದಾಜಿ ಎಂಬ ಮೊಹಲ್ಲೆಗೆ. ನೆಲದಡಿಯ ರೈಲಿನಿಂದ ಮೆಟ್ಟಲೇರಿ ಬಂದರೆ ನಾವು ಬ್ರೆಜಿಲಿನಲ್ಲಿದ್ದೇವೆಯೋ ಜಪಾನಿನಲ್ಲಿದ್ದೇವೆಯೋ ಎಂಬ ಭ್ರಮೆಯಾಗುವುದು. ಬೀದಿಗೆ ಅಡ್ಡಲಾಗಿ ಕೆಂಪು ತೋರಣದ್ವಾರ, ಉದ್ದಕ್ಕೂ ಕೆಂಪು ಕಂಬಗಳಲ್ಲಿ ಗುಂಡು ದೀಪಗಳು, ಅಂಗಡಿಯ ಹಲಗೆಗಳ ಮೇಲೆ ಜಪಾನೀ ಲಿಪಿ. ಲಿಬರ್ದಾಜಿ ಎಂದರೆ ಸ್ವಾತಂತ್ರ್ಯ. ಆದರೆ ಹಿಂದಿನ ಕಾಲದಲ್ಲಿ ಅದು ಅಪರಾಧಿಗಳನ್ನೂ ಗುಲಾಮರನ್ನೂ ಗಲ್ಲಿಗೇರಿಸುತ್ತಿದ್ದ ಬಯಲು. ನೇಣಿಗೆ ಸಿಕ್ಕವರ ಆತ್ಮಗಳ ಹೆಸರಿನ ಇಗರ್ಜಿಯೊಂದು ಈಗಲೂ ಚೌಕದ ಮಗ್ಗುಲಲ್ಲೇ ಇದೆ.

ಜಪಾನೀಯರು ಅಷ್ಟು ದೂರ ಬಂದುದಕ್ಕೆ ಕಾಫಿಯೇ ಕಾರಣ. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದುದು 1888ರಲ್ಲಿ. ತೋಟಗಳಿಗೆ ಆಳು ಬೇಕಾಯಿತು. ಮೊದಲು ಇಟಲಿಯವರು ಬಂದರು. ತೋಟದ ದಣಿಗಳ ಉಪದ್ರವವನ್ನು ಕೇಳಿ 1902ರಲ್ಲಿ ಇಟಲಿಯ ಸರಕಾರವು ಇತರರ ಖರ್ಚಿನಿಂದ ಹಡಗು ಹತ್ತುವುದನ್ನು ತನ್ನ ಪ್ರಜೆಗಳಿಗೆ ನಿಷೇಧಿಸಿತು. ಆ ಮೇಲೆ ಜಪಾನಿನ ಸರದಿ. 1908ರ ಜೂನ್ 18ರಂದು ಕಸಾತೊ ಮಾರು ಎಂಬ ಹಡಗು 781 ಮಂದಿಯನ್ನು ಸಾಂತೋಸ್ ಬಂದರದಲ್ಲಿ ಇಳಿಸಿತು. ದುಡಿಯಬಲ್ಲ ಮೂವರಾದರೂ ಇರುವ ಕುಟುಂಬಗಳನ್ನು ಮಾತ್ರವೇ ಕರೆದುಕೊಳ್ಳುವುದೆಂಬ ಕರಾರು ಇದ್ದುದರಿಂದ, ಬಡಜನರು ದೂರದ ನೆಂಟನನ್ನೋ ನೆರೆಯ ಹುಡುಗನನ್ನೋ ತಮ್ಮನೆಂದು ಮಗನೆಂದು ಬರೆಯಿಸಿ, ಕಾಗದದ ಮೇಲೆ ಕುಟುಂಬವನ್ನು ಕಟ್ಟಿಕೊಂಡು ಹಡಗು ಹತ್ತಿದರು. ಅಲ್ಲಿಯ ವಲಸೆಯ ವಸ್ತುಸಂಗ್ರಹಾಲಯದಲ್ಲಿ ಮಗನು ಇದನ್ನು ಹೇಳಿದಾಗ ನಮ್ಮ ಮನೆಯವರು, "ಆರು ತಿಂಗಳು ಒಂದೇ ಒಲೆಯಲ್ಲಿ ಉಂಡರೆ ಕಾಗದದ ನೆಂಟಸ್ತಿಕೆಯೂ ನಿಜವಾಗುತ್ತದೆ ಬಿಡಿ" ಎಂದರು.

ಆಕೆಗೆ ತಿಳಿಯದಂತೆಯೇ ಅದು ರೂತಮ್ಮನವರ ಪ್ರಬಂಧದ ಹತ್ತಿರಕ್ಕೆ ಹೋದ ಮಾತು. ರೂತಮ್ಮನವರು 1972ರಲ್ಲಿ ಡಾಕ್ಟರೇಟ್ ಪದವಿಗಾಗಿ ಬರೆದದ್ದು ಸಾವೊ ಪೌಲೊ ಪ್ರಾಂತದ ಜಪಾನೀಯರ ಕುಟುಂಬರಚನೆಯನ್ನೂ ಸಮಾಜದಲ್ಲಿ ಅವರು ಮೇಲೇರಿದ ಬಗೆಯನ್ನೂ ಕುರಿತು. ಹಳೆಯ ಕುಟುಂಬದ ಕಟ್ಟುಪಾಡುಗಳು ಸಡಿಲಿದ ಹೊರತು ವಲಸೆ ಬಂದವನು ಮುಂದೆ ಬರಲಾರನೆಂಬುದು ಆಗ ಅನೇಕ ವಿದ್ವಾಂಸರಿಗೆ ಸಿದ್ಧಾಂತದಂತಿತ್ತು. ರೂತಮ್ಮನವರು ಮನೆಮನೆಗೆ ಹೋಗಿ, ಸಂಘಗಳಲ್ಲಿ ಕುಳಿತು, ಕೇಳಿ ನೋಡಿದರು. ಆ ಕುಟುಂಬವೇ ಅವರಿಗೆ ಏಣಿಯಾಗಿತ್ತು. ಎಲ್ಲರ ದುಡಿಮೆಯೂ ಒಂದೆಡೆ ಸೇರಿ ತೋಟದ ಆಳು ತುಂಡುಭೂಮಿಯ ಒಡೆಯನಾದನು. ಅವನ ಮಕ್ಕಳು ಪಟ್ಟಣದಲ್ಲಿ ಓದಿದರು. ಅವಿಭಕ್ತ ಕುಟುಂಬವನ್ನು ಬೈಯುವುದೇ ಬುದ್ಧಿವಂತಿಕೆಯೆಂದು ತಿಳಿದಿರುವ ನಮ್ಮ ಕೆಲವು ಮಿತ್ರರಿಗೆ ಈ ಪ್ರಬಂಧವನ್ನು ಓದಿಸಬೇಕೆಂದು ನಮಗೆ ಆಸೆಯಾಯಿತು. ಆದರೆ ಅದಿರುವುದು ಪೋರ್ತುಗೀಸಿನಲ್ಲಿ.

ಆಕೆ ಹುಟ್ಟಿದ್ದು ಅರಾರಕ್ವಾರ ಎಂಬ ಊರಿನಲ್ಲಿ, 1930ರ ಸೆಪ್ಟೆಂಬರ್ 19ರಂದು. ನಗರದಿಂದ ಸುಮಾರು 270 ಕಿಲೋಮೀಟರು. ಒಂದು ಶನಿವಾರ ಮೋಟಾರು ಬಸ್ಸಿನಲ್ಲಿ ಹೋಗಿಬಂದೆವು. ದಾರಿಯ ಬಲಕ್ಕೂ ಎಡಕ್ಕೂ ಕಣ್ಣು ಹರಿಯುವಷ್ಟು ಕಬ್ಬು, ನಡುನಡುವೆ ಕಿತ್ತಳೆಯ ತೋಟಗಳು. ಒಂದಾನೊಂದು ಕಾಲದಲ್ಲಿ ಇದೆಲ್ಲ ಕಾಫಿಯ ನಾಡು. ಊರಿನ ನಡುವಿನ ಒಂದು ಬೀದಿಯಲ್ಲಿ ಓಯ್ತಿ ಎಂಬ ಮರಗಳು ಎರಡು ಕಡೆಯಿಂದಲೂ ಕೈಹಿಡಿದು ಚಪ್ಪರ ಕಟ್ಟಿವೆ. ಅರಾರಕ್ವಾರಕ್ಕೆ ಜನರು ಸೂರ್ಯನ ಮನೆ ಎಂಬ ಅಡ್ಡಹೆಸರನ್ನಿಟ್ಟಿದ್ದಾರೆ. ಅಲ್ಲಿಂದ ಹೊರಟ ಹುಡುಗಿಯು ಬಹುಕಾಲದ ಮೇಲೆ ಬ್ರೆಜಿಲಿಯ ರಾಜಧಾನಿಯಲ್ಲಿ ವಾಸಿಸಬೇಕಾದ ಅಧ್ಯಕ್ಷಭವನಕ್ಕೆ ಆಲ್ವೊರಾದ, ಅಂದರೆ ಅರುಣೋದಯ, ಎಂದು ಹೆಸರು. ಊರಿನಲ್ಲಿ ನೋಡತಕ್ಕದ್ದು ಹೆಚ್ಚಿಗೆ ಇರಲಿಲ್ಲ. ಸಂತೆಯಲ್ಲಿ ಗೇರುಹಣ್ಣುಗಳನ್ನು ಬೀಜಸಮೇತ ಗುಡ್ಡೆ ಹಾಕಿದ್ದನ್ನು ಕಂಡು ನಮ್ಮ ಮನೆಯವರಿಗೆ ತವರನ್ನು ಕಂಡಷ್ಟು ಸಂತೋಷವಾಯಿತು. ಗೇರು ನಮ್ಮ ಕರಾವಳಿಗೆ ಬಂದದ್ದೇ ಆ ದೇಶದಿಂದ, ಪೋರ್ತುಗೀಸರ ಹಡಗಿನಲ್ಲಿ. ಪ್ರತಿಯಾಗಿ ನಮ್ಮ ಮಾವು ಹಲಸುಗಳು ಅಲ್ಲಿಗೆ ಹೋದವು.

ಮರಳಿ ನಗರಕ್ಕೆ ಬಂದು ಮರಿಯಾ ಅಂತೋನಿಯಾ ಬೀದಿಯನ್ನು ನೋಡಿದೆವು. ದಪ್ಪ ಕಂಬಗಳ ಹಳೆಯ ಕಟ್ಟಡ. ಈಗ ವಿಶ್ವವಿದ್ಯಾನಿಲಯದ ಕಲಾಕೇಂದ್ರ. ಆ ಕಾಲದಲ್ಲಿ ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಮೊದಲಾದುವನ್ನು ಕಲಿಸುತ್ತಿದ್ದ ವಿದ್ಯಾಶಾಲೆ ಇಲ್ಲಿತ್ತು. ರೂತಮ್ಮನವರು ಓದಿದ್ದೂ, ಸಹಪಾಠಿಯಾಗಿದ್ದ ಫರ್ನಾಂಡೊ ಅವರ ಪರಿಚಯ ಬೆಳೆದದ್ದೂ ಈ ವಿದ್ಯಾಶಾಲೆಯಲ್ಲಿಯೇ. 1953ರಲ್ಲಿ ಮದುವೆಯಾಯಿತು. ಇಬ್ಬರೂ ಅಧ್ಯಾಪಕರಾದರು. 1958ರಲ್ಲಿ ತರುಣ ಅಧ್ಯಾಪಕರ ಒಂದು ಗುಂಪು ಕಾರ್ಲ್ ಮಾರ್ಕ್ಸನ ಮಹಾಗ್ರಂಥವನ್ನು ಪುಟಪುಟವಾಗಿ ಓದಿ ಚರ್ಚಿಸತೊಡಗಿತು. ಹಲವು ವರ್ಷ ನಡೆದ ಆ ವಾಚನದಲ್ಲಿ ರೂತಮ್ಮನವರೂ ಕುಳಿತಿದ್ದರು. ನಾವು ಪಾಠಶಾಲೆಯಲ್ಲಿ ಗುರುಗಳ ಮುಂದೆ ಭಾಷ್ಯವನ್ನು ಪಂಕ್ತಿಪಂಕ್ತಿಯಾಗಿ ಓದಿದ್ದು ನೆನಪಾಯಿತು. ಒಂದೊಂದು ವಾಕ್ಯಕ್ಕೆ ಸಂಜೆಯೆಲ್ಲ ಕಾದಾಡುವ ರುಚಿ ಎಲ್ಲ ದೇಶದಲ್ಲಿಯೂ ಒಂದೇ.

1964ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ಫರ್ನಾಂಡೊ ಅವರು ದೇಶ ಬಿಡಬೇಕಾಯಿತು. ರೂತಮ್ಮನವರು ಮಕ್ಕಳನ್ನು ಕಟ್ಟಿಕೊಂಡು ಚಿಲಿ ದೇಶದ ಸಾಂತಿಯಾಗೊ ನಗರವನ್ನು ಸೇರಿದರು. ಪತಿಯು ಅಲ್ಲಿ ಒಂದು ದೊಡ್ಡ ಗ್ರಂಥಕ್ಕೆ ಕೈಹಾಕಿದರು. ಈಕೆಯೂ ಅಡಿಗೆಮನೆಯಲ್ಲಿ ಕುಳಿತಿರಲಿಲ್ಲ, ಸಮಾಜವಿಜ್ಞಾನದ ಸಂಸ್ಥೆಯೊಂದರಲ್ಲಿ ಪಾಠ ಹೇಳಿದರು. ಅಲ್ಲಿಂದ ಪ್ಯಾರಿಸ್. 1968ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮರಿಯಾ ಅಂತೋನಿಯಾ ಬೀದಿಯ ಎರಡು ಮಗ್ಗುಲಿನ ವಿದ್ಯಾರ್ಥಿಗಳ ನಡುವೆ ಯುದ್ಧವೇ ನಡೆದು ಒಬ್ಬ ಹುಡುಗನು ಸತ್ತನು. ಕಟ್ಟಡಕ್ಕೆ ಬೆಂಕಿ ಬಿತ್ತು. ವಿದ್ಯಾಶಾಲೆ ಊರಾಚೆಗೆ ಹೋಯಿತು. ಡಿಸೆಂಬರಿನಲ್ಲಿ ಸೈನ್ಯದ ಸರಕಾರವು ಉಳಿದಿದ್ದ ಹಕ್ಕುಗಳನ್ನೂ ಕಿತ್ತುಕೊಂಡಿತು. 1969ರಲ್ಲಿ ಫರ್ನಾಂಡೊ ಅವರನ್ನು, ಇನ್ನೂ ನಲವತ್ತು ತುಂಬದವರನ್ನು, ಬಲಾತ್ಕಾರವಾಗಿ ನಿವೃತ್ತಿಗೊಳಿಸಿದರು. ಅವರೂ ಹೊರಹಾಕಲ್ಪಟ್ಟ ಇತರರೂ ಸೇರಿ ಸೆಬ್ರಾಪ್ ಎಂಬ ಸಂಶೋಧನಾಲಯವನ್ನು ಕಟ್ಟಿದರು. 1976ರಲ್ಲಿ ಅದರ ಮೇಲೆ ಬಾಂಬೂ ಬಿತ್ತು.

ಈ ಗದ್ದಲದ ನಡುವೆ ರೂತಮ್ಮನವರು ವಿಶ್ವವಿದ್ಯಾನಿಲಯದಲ್ಲಿ ತಮ್ಮ ಪಾಠವನ್ನು ನಡೆಸಿದರು. ನಗರದ ಅಂಚಿನಲ್ಲಿ ಇಟ್ಟಿಗೆ ತಗಡುಗಳಿಂದ ಮನೆ ಕಟ್ಟಿಕೊಂಡ ಬಡವರು, ನೀರಿಗಾಗಿ ಶಿಶುವಿಹಾರಕ್ಕಾಗಿ ಸಂಘ ಕಟ್ಟಿದ ಹೆಂಗಸರು, ಇವರ ಬಳಿಗೆ ಶಿಷ್ಯರನ್ನು ಕಳುಹಿಸಿದರು. 1986ರಲ್ಲಿ ಆಕೆ ಸಂಪಾದಿಸಿದ ಒಂದು ಪುಸ್ತಕದಲ್ಲಿ ಆಕೆಯದೇ ಒಂದು ಲೇಖನವಿದೆ. ಅದರ ಸಾರವನ್ನು ನೆರೆಯ ಅಧ್ಯಾಪಿಕೆಯವರು ಒಂದು ಸಂಜೆ ನಮಗೆ ಬಿಡಿಸಿ ಹೇಳಿದರು. ಬಡವರ ಮೇಲಣ ಪ್ರೀತಿಯಿಂದಲೇ ಶಾಸ್ತ್ರವಾಗುವುದಿಲ್ಲ. ಅವರೊಡನೆ ಒಂದಾಗಿಬಿಟ್ಟೆನೆಂದು ತಿಳಿದು, ಅವರ ಬಾಯಾಗಿ ತಾನೇ ಮಾತನಾಡತೊಡಗಿದ ವಿದ್ವಾಂಸನು ಅವರ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾನೆ ಎಂಬುದು ಅದರ ತಾತ್ಪರ್ಯ. ಆಗ ಹೌದೆಂದು ತಲೆದೂಗಿದೆವು. ಅದು ನಮ್ಮ ಕಡೆಗೂ ತಿರುಗೀತೆಂದು ಆಗ ತಿಳಿದಿರಲಿಲ್ಲ.

ಪತಿಯು ರಾಜಕೀಯಕ್ಕಿಳಿದು 1983ರಲ್ಲಿ ಸೆನೆಟಿನ ಸದಸ್ಯರಾದರು. 1993ರಲ್ಲಿ ಹಣಕಾಸಿನ ಮಂತ್ರಿಯಾಗಿ, ಮರುವರ್ಷ ಹೊಸ ನಾಣ್ಯವನ್ನು ತಂದು ಬೆಲೆಗಳ ಹುಚ್ಚುಕುಣಿತವನ್ನು ನಿಲ್ಲಿಸಿದ ಯೋಜನೆಯ ಕೀರ್ತಿಯಿಂದ ಅಧ್ಯಕ್ಷರೇ ಆದರು. ಈಗ ರೂತಮ್ಮನವರ ಕಠಿನಕಾಲ. ಬ್ರೆಜಿಲಿನಲ್ಲಿ 1942ರಿಂದ ಒಂದು ದೊಡ್ಡ ಸರಕಾರೀ ದಾನಸಂಸ್ಥೆಯಿತ್ತು. ಆಗಿನ ಅಧ್ಯಕ್ಷ ವಾರ್ಗಾಸರ ಪತ್ನಿಯು ಯುದ್ಧಕ್ಕೆ ಹೋದ ಸೈನಿಕರ ಸಂಸಾರಗಳಿಗಾಗಿ ಅದನ್ನು ಪ್ರಾರಂಭಿಸಿದ್ದರು. ಅಧ್ಯಕ್ಷರ ಪತ್ನಿಯು ಅದಕ್ಕೆ ಯಜಮಾನಿಯಾಗುವುದು, ಕಂಬಳಿ ಹಾಲುಪುಡಿಗಳನ್ನು ಹಂಚುವುದು ರೂಢಿಯಾಗಿ ಬಂದಿತ್ತು. ಕೊನೆಕೊನೆಗೆ ಹಣದ ಅವ್ಯವಹಾರದ ದೂರುಗಳೂ ಎದ್ದಿದ್ದವು. 1995ರ ಜನವರಿ 1ರಂದು, ಅಧಿಕಾರ ವಹಿಸಿದ ದಿನವೇ, ಹೊಸ ಸರಕಾರವು ಅದನ್ನು ಮುಚ್ಚಿತು. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬ ವ್ಯವಸ್ಥೆಯಲ್ಲಿ ರೂತಮ್ಮನವರಿಗೆ ನಂಬಿಕೆಯಿರಲಿಲ್ಲ. ಒಗ್ಗಟ್ಟಿನ ಸಮುದಾಯ ಎಂದರ್ಥ ಬರುವ ಹೆಸರಿನ ಒಂದು ಕಾರ್ಯಕ್ರಮದ ಮಂಡಳಿಗೆ ಆಕೆ ಅಧ್ಯಕ್ಷಿಣಿಯಾದರು.

ಅದರ ಅಂಗವಾದ ಅಕ್ಷರಪ್ರಚಾರವೇ ನಮಗೆ ಹೆಚ್ಚಾಗಿ ಹಿಡಿಸಿದ್ದು. ಬ್ರೆಜಿಲಿನಲ್ಲಿ ಓದುಬರೆಹ ಬಾರದವರಿಗೆ 1985ರವರೆಗೂ ಮತವೇ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಮೊದಲನೆಯ ಮಹಾಚುನಾವಣೆಯಿಂದಲೇ ಹೆಬ್ಬೆಟ್ಟಿನವನಿಗೂ ಮತವಿತ್ತು. ಅನಕ್ಷರತೆ ಬಹಳವಾಗಿದ್ದ ಉತ್ತರ ಮತ್ತು ಈಶಾನ್ಯ ಪ್ರಾಂತಗಳ ಸಣ್ಣ ಸಣ್ಣ ಊರುಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಪಾಠ ಹೇಳುವವರು ಪಟ್ಟಣದಿಂದ ಬರುವುದಲ್ಲ; ಆ ಊರಿನ ತರುಣತರುಣಿಯರನ್ನೇ ಕರೆದು, ತರಬೇತಿ ಕೊಟ್ಟು, ಅವರ ಕೈಯಿಂದಲೇ ಹಿರಿಯರಿಗೆ ಅಕ್ಷರ ಕಲಿಸುವುದು. ಖರ್ಚನ್ನು ಸರಕಾರವೂ ವ್ಯಾಪಾರಸಂಸ್ಥೆಗಳೂ ಹಂಚಿಕೊಂಡವು. ಇದು ಸಮುದ್ರಕ್ಕೆ ಚಮಚೆಯ ಸಕ್ಕರೆ, ಸರಕಾರವು ತಾನೇ ಹೊರಬೇಕಾದ ಹೊರೆಯನ್ನು ನೆರೆಹೊರೆಯವರ ಹೆಗಲಿಗೆ ದಾಟಿಸಿತು, ಎಂದು ಅಲ್ಲಿ ಟೀಕಿಸಿದವರು ಅನೇಕರು. ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ತನ್ನೂರಿನ ಹುಡುಗಿಯಿಂದ ಅಕ್ಷರ ಕಲಿತ ಮುದುಕನಿಗೆ ಆ ಹುಡುಗಿಯ ಮೇಲೆ ಹುಟ್ಟುವ ಗೌರವವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ನೆರೆಯ ಅಧ್ಯಾಪಿಕೆಯವರು ಆ ಕಾಲದಲ್ಲಿ ಒಂದು ವಿಶ್ವವಿದ್ಯಾನಿಲಯದ ಕಡೆಯಿಂದ ಈಶಾನ್ಯಕ್ಕೆ ಹೋಗಿ ಇಂತಹ ಹುಡುಗಿಯರಿಗೆ ತರಬೇತಿ ಕೊಟ್ಟವರು. ಜೂನ್ 24ರ ಸಂಜೆ ನಮ್ಮನ್ನು ತಮ್ಮ ಮನೆಗೆ ಕರೆದಿದ್ದರು. ಅದು ಸಂತ ಯೋಹಾನನ ಹಬ್ಬ. ಜೋಳದ ತಿಂಡಿಗಳನ್ನು ಮಾಡಿ, ಅನುಕೂಲವಿದ್ದ ಕಡೆ ಬೆಂಕಿ ಹಾಕಿ ಕುಣಿಯುತ್ತಾರೆ. ರೂತಮ್ಮನವರು ತೀರಿಕೊಂಡದ್ದೂ 2008ರ ಅದೇ ತಾರೀಖಿನಂದು, ಈ ನಗರದ ಸ್ವಗೃಹದಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ. ಕಸಾತೊ ಮಾರು ಹಡಗು ಬಂದು ನೂರು ವರ್ಷವಾದ ಉತ್ಸವವು ನಡೆದು ಆರೇ ದಿನಗಳಾಗಿದ್ದವು. ಆ ಬೆಳಗ್ಗೆ ನಾವು ಕೊನ್ಸೊಲಸಾಂವ್ ಎಂಬ ಹಳೆಯ ಸ್ಮಶಾನಕ್ಕೆ ಹೋಗಿ ಬಂದಿದ್ದೆವು. ಆ ಹೆಸರಿಗೆ ಸಾಂತ್ವನವೆಂದರ್ಥ. ಕಾಫಿಯ ಶ್ರೀಮಂತರು ಕಟ್ಟಿಸಿದ ಅಮೃತಶಿಲೆಯ ಗೋರಿಗಳ ನಡುವೆ ಆ ದೇಶದ ಕವಿಗಳೂ ಚಿತ್ರಕಾರರೂ ಮಲಗಿದ್ದಾರೆ. ರೂತಮ್ಮನವರನ್ನೂ ಅಲ್ಲಿಯೇ ಮಣ್ಣು ಮಾಡಿದರು. ನಗರದ ಉತ್ತರಕ್ಕೆ ಬಡಜನರ ಕೇರಿಯಲ್ಲಿ ತರುಣರಿಗಾಗಿ ಇರುವ ದೊಡ್ಡ ಕಲಾಭವನಕ್ಕೆ ಆಕೆಯ ಹೆಸರಿದೆ. ಯಾರ ಪತ್ನಿಯೆಂಬ ವಿಶೇಷಣವಿಲ್ಲದೆ, ಬರಿಯ ರೂತ್ ಕಾರ್ಡೋಸೊ.

ಜೋಳದ ಪಾಯಸವನ್ನು ಬಡಿಸುತ್ತ ಅಧ್ಯಾಪಿಕೆಯವರು ನಮ್ಮ ಮನೆಯವರನ್ನು ನೀವೂ ಕಲಿಸಿದವರೆ ಎಂದು ಕೇಳಿದರು. ನಾವು ಮಗನಿಗೆ, "ಇಲ್ಲ, ಮನೆ ನೋಡಿಕೊಂಡಿದ್ದರು ಎಂದು ಹೇಳು" ಎಂದೆವು. ನಮ್ಮ ಮನೆಯವರು ತಟ್ಟೆಯನ್ನು ಕೆಳಗಿಟ್ಟು, "ಹದಿನಾಲ್ಕು ಜನಕ್ಕೆ ಕಲಿಸಿದ್ದೇನೆ ಎಂದು ಹೇಳಪ್ಪ" ಎಂದರು.

ಮಗನು, "ಅದು ಅಪ್ಪ ಅಲ್ಲವೇನಮ್ಮ? ಅಪ್ಪನಿಗೆ ಶಾಲು ಹೊದಿಸಿದ ಪಟವಿದೆಯಲ್ಲ?" ಎಂದನು.

ಇದನ್ನು ಇಲ್ಲಿ ಬರೆಯದೆ ಬಿಡುವುದು ನ್ಯಾಯವಲ್ಲ. 1990ರ ದಶಕದ ಮೊದಲಲ್ಲಿ ಸಾಕ್ಷರತೆಯ ಆಂದೋಲನವು ನಮ್ಮ ಊರಿಗೂ ಬಂದಾಗ, ಬೀಡಿ ಕಟ್ಟುವ ಹದಿನಾಲ್ಕು ಮಂದಿ ಹೆಂಗಸರು ನಮ್ಮ ಜಗುಲಿಯಲ್ಲಿ ಲಾಟೀನಿನ ಬೆಳಕಿಗೆ ಸೇರುತ್ತಿದ್ದರು. ಕಲಿಸಿದ್ದು ನಮ್ಮ ಮನೆಯವರು. ಆಗ ಮದುವೆಯಾಗಿ ವರ್ಷವಾಗಿತ್ತು. ನಾವು ಒಳಗೆ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ವರದಿಯ ನಮೂನೆಯಲ್ಲಿ ಶಿಕ್ಷಕರ ಹೆಸರೆಂದಿದ್ದ ಕಡೆ ನಮ್ಮ ಹೆಸರನ್ನು ಬರೆದೆವು. ಮೇಷ್ಟರು ನಾವಲ್ಲವೆ, ಎಂಬುದಲ್ಲದೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ತಾಲ್ಲೂಕಿನ ಸಭೆಯಲ್ಲಿ ಶಾಲು, ಪ್ರಶಸ್ತಿಪತ್ರಗಳು ನಮಗೆ ಬಂದವು. ಪತ್ನಿ ಎಂಬ ಶಬ್ದವನ್ನು ಪಾಣಿನಿಯು ಯಜ್ಞದ ಸಂಬಂಧದಲ್ಲಿ ಸಾಧಿಸಿದ್ದಾನೆ, ಕರ್ಮದಲ್ಲಿ ಪಾಲುಳ್ಳವಳೇ ಪತ್ನಿ, ಎಂದು ನಾವು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರು. ಇಲ್ಲಿ ಪಾಲಿನ ಮಾತೇ ಇರಲಿಲ್ಲ, ಕರ್ಮವೆಲ್ಲ ಆಕೆಯದು.

ಮಗನು ಆ ಮಾತನ್ನು ಪೋರ್ತುಗೀಸಿಗೆ ತಿರುಗಿಸಿದನು. ಎಲ್ಲವನ್ನೂ ತಿರುಗಿಸಿದನೋ ಇಲ್ಲವೋ ನಾವು ಕೇಳಲಿಲ್ಲ. ಅಧ್ಯಾಪಿಕೆಯವರು ಎದ್ದುಹೋಗಿ ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ತಂದು ನಮ್ಮ ಮನೆಯವರ ಮುಂದಿಟ್ಟು, ಮೊದಲ ದಿನ ಏನನ್ನು ಬರೆಯಿಸಿದಿರಿ ಎಂದು ಕೇಳಿದರು. "ಅವರವರ ಹೆಸರು. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುವುದಕ್ಕೆ ಅವರಿಗೆ ನಾಚಿಕೆಯಾಗುತ್ತಿತ್ತು" ಎಂದು ಹೇಳಿ ಆಕೆ ಒಂದೊಂದೇ ಹೆಸರನ್ನು ಗುಂಡುಗುಂಡಾಗಿ ಬರೆಯತೊಡಗಿದರು. ಇವಳು ಒತ್ತಕ್ಷರವನ್ನು ಪಕ್ಕಕ್ಕೆ ಬರೆಯುತ್ತಿದ್ದಳು, ಇವಳು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೇ ಕಲಿತಳು, ಎಂದು ನಡುನಡುವೆ ಹೇಳುತ್ತಿದ್ದರು. ಅಧ್ಯಾಪಿಕೆಯವರು ಆ ಲಿಪಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಕೆಳಗಿನ ಅಂಗಳದಿಂದ ಹಬ್ಬದ ಸಂಗೀತ ಕೇಳುತ್ತಿತ್ತು. ಹನ್ನೊಂದು ಹೆಸರುಗಳಾದ ಮೇಲೆ ಕಡ್ಡಿ ನಿಂತಿತು.

"ಇನ್ನು ಮೂವರಿದ್ದರು. ನಿಮಗೆ ನೆನಪಿದೆಯೆ?" ಎಂದು ನಮ್ಮನ್ನು ಕೇಳಿದರು.

ನಮಗೆ ನೆನಪಿರಲಿಲ್ಲ. ಆ ಹನ್ನೊಂದೂ ನಮಗೆ ಹೊಸ ಹೆಸರುಗಳೇ ಆಗಿದ್ದವು.